ಎಲ್ಲಿಗೆ ಎನ್ನುವ ಮೊದಲು

ನಮ್ಮ ಮನೆಯಲ್ಲಿ ರಜೆಯ ಮಾತು ಹುಟ್ಟುವುದು ಅಡುಗೆಮನೆಯ ಬಾಗಿಲ ಪಕ್ಕದ ಗೋಡೆಯ ಹತ್ತಿರ. ಅಲ್ಲಿ ತೂಗುವ ಕ್ಯಾಲೆಂಡರಿನಲ್ಲಿ ಕೆಂಪು ಅಂಕಿಗಳು ಎರಡು ಮೂರು ಒತ್ತಟ್ಟಿಗೆ ಬಂದವೆಂದರೆ ಯಾರಾದರೊಬ್ಬರು ಅದರ ಮುಂದೆ ನಿಂತು ಬೆರಳು ಮಡಿಸಿ ಎಣಿಸುತ್ತಾರೆ. ನಡುವೆ ಒಂದು ದಿನ ರಜೆ ಹಾಕಿದರೆ ನಾಲ್ಕಾಯಿತು, ಎರಡು ಹಾಕಿದರೆ ಆರಾಯಿತು. ಎಣಿಕೆ ಮುಗಿಯುವುದರೊಳಗೆ ಒಳಗಿನಿಂದ ಪ್ರಶ್ನೆ ಬರುತ್ತದೆ: “ಎಲ್ಲಿಗೆ ಹೋಗೋಣ?” ಎಷ್ಟೋ ವರ್ಷ ಆ ಪ್ರಶ್ನೆಯೇ ಮೊದಲನೆಯದು ಎಂದು ನಾನು ನಂಬಿದ್ದೆ. ಅದಕ್ಕೂ ಮುಂಚೆ ಕೇಳಬೇಕಾದದ್ದು ಒಂದಿದೆ ಎಂದು ತಿಳಿಯಲು ಒಂದು ಕೆಟ್ಟ ಪ್ರವಾಸವೂ ಒಂದು ಒಳ್ಳೆಯ ಪ್ರವಾಸವೂ ಬೇಕಾದವು.

ಕೆಟ್ಟದ್ದನ್ನು ಮೊದಲು ಹೇಳಿಬಿಡುತ್ತೇನೆ. ಆ ಸಲ ನಾವು ನೆಂಟರಿಷ್ಟರೆಲ್ಲ ಸೇರಿ ಹನ್ನೆರಡು ಜನ. ಟೆಂಪೋ ಟ್ರಾವೆಲರ್ ಮಾಡಿಕೊಂಡು ಮೂರು ದಿನಕ್ಕೆ ಏಳು ಊರು: ಶ್ರವಣಬೆಳಗೊಳ, ಹಳೇಬೀಡು, ಬೇಲೂರು, ಶೃಂಗೇರಿ, ಹೊರನಾಡು, ಧರ್ಮಸ್ಥಳ, ಸುಬ್ರಹ್ಮಣ್ಯ. ಬೇಲೂರಿನಲ್ಲಿ ಸಿಕ್ಕಿದ್ದು 40 ನಿಮಿಷ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಗುಡಿ ಅದು. ಸೂರಿನ ಕೆಳಗೆ ಓರೆಯಾಗಿ ಬಾಗಿ ನಿಂತ ಮದನಿಕೆಯರ ಮುಂದೆ ಒಬ್ಬೊಬ್ಬರಿಗೆ ಐದು ನಿಮಿಷ ಕೊಟ್ಟರೂ ಅರ್ಧ ದಿನ ಹಿಡಿಯುತ್ತದೆ. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ ತಮ್ಮ ಕೆಲಸದ ಕೆಳಗೆ ಹೆಸರು ಕೊರೆದಿಟ್ಟಿದ್ದಾರೆ. ಆ ಅಕ್ಷರಗಳನ್ನು ಹುಡುಕಿ ನನ್ನ ಕಣ್ಣಿಂದಲೇ ಓದಬೇಕೆಂಬುದು ಕಾಲೇಜಿನ ದಿನಗಳ ಆಸೆ. ಒಂದು ಕಡೆಯ ಗೋಡೆಯೂ ಮುಗಿದಿರಲಿಲ್ಲ, ಹೊರಗೆ ಗಾಡಿಯ ಹಾರ್ನ್ ಕೇಳಿಸಿತು.

ಮಗಳು ಘಾಟಿಯ ತಿರುವುಗಳಲ್ಲಿ ವಾಂತಿ ಮಾಡಿಕೊಂಡು ಸೋತಳು. ಹೆಂಡತಿ ರಾತ್ರಿ ಹನ್ನೊಂದಕ್ಕೆ ಲಾಡ್ಜಿನ ಬಚ್ಚಲಲ್ಲಿ ಬಟ್ಟೆ ಹಿಂಡಿ, ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಎಲ್ಲರ ಫ್ಲಾಸ್ಕಿಗೆ ಬಿಸಿನೀರು ತುಂಬಿಸಿದಳು. ಅಮ್ಮ ಮಂಡಿ ನೋವು ನುಂಗಿಕೊಂಡು ಸಾಲುಗಳಲ್ಲಿ ನಿಂತಳು. ಯಾರೂ ಜಗಳವಾಡಲಿಲ್ಲ, ಯಾರ ತಪ್ಪೂ ಇರಲಿಲ್ಲ. ಎಲ್ಲರೂ ಇನ್ನೊಬ್ಬರಿಗೆ ಇದು ಇಷ್ಟ ಎಂದುಕೊಂಡು ಸಹಿಸಿದ್ದರು. ಅದು ನನಗೆ ಅರ್ಥವಾದದ್ದು ಊರಿಗೆ ಬಂದ ಮೇಲೆ, ಒಬ್ಬೊಬ್ಬರನ್ನೇ ಕೇಳಿದಾಗ. ಹನ್ನೆರಡು ಜನರಲ್ಲಿ ಒಬ್ಬರಿಗೂ ಬೇಡದ ಪ್ರವಾಸವನ್ನು ಹನ್ನೆರಡೂ ಜನ ಪ್ರೀತಿಯಿಂದ ಮಾಡಿ ಮುಗಿಸಿದ್ದೆವು.

ಆಮೇಲೆ ನಾನು ರಜೆಯಿಂದ ಹಿಂತಿರುಗಿದವರ ಮುಖ ನೋಡಲು ಶುರುಮಾಡಿದೆ. ನಮ್ಮ ಬೀದಿಯಲ್ಲಿ ನಿವೃತ್ತ ಕನ್ನಡ ಮೇಷ್ಟ್ರೊಬ್ಬರಿದ್ದಾರೆ. ಅಕ್ಟೋಬರ್ ಬಂತೆಂದರೆ ಒಂದು ಚೀಲ ಹೆಗಲಿಗೆ ಹಾಕಿಕೊಂಡು ಹೆಗ್ಗೋಡಿಗೆ ಹೊರಡುತ್ತಾರೆ. 1949ರಲ್ಲಿ ಹುಟ್ಟಿ ಕೆ.ವಿ. ಸುಬ್ಬಣ್ಣನವರ ಕೈಯಲ್ಲಿ ಬೆಳೆದ ನೀನಾಸಮ್ಮಿನ ಸಂಸ್ಕೃತಿ ಶಿಬಿರದಲ್ಲಿ ಹಗಲೆಲ್ಲ ಮಾತು ಕೇಳಿ, ರಾತ್ರಿ ನಾಟಕ ನೋಡಿ, ಹತ್ತು ವರ್ಷ ಚಿಕ್ಕವರಾಗಿ ವಾಪಸಾಗುತ್ತಾರೆ. ನನ್ನ ಜೊತೆ ಕೆಲಸ ಮಾಡುವ ಹುಡುಗನಿಗೆ 1712 ಮೀಟರಿನ ಕುಮಾರಪರ್ವತ ಹತ್ತಿ ಕಾಲು ನೋಯಿಸಿಕೊಂಡು ಬಂದರೇನೇ ತಲೆ ಹಗುರ. ನಾದಿನಿಯ ಮನೆಯವರು ಪ್ರತಿ ಏಪ್ರಿಲಿನಲ್ಲಿ ಮಲೆನಾಡಿನ ತವರಿಗೆ ಹೋಗಿ, ಹಲಸಿನ ಹಣ್ಣು ಬಿಡಿಸುತ್ತ ಜಗಲಿಯ ಮೇಲೆ ಹತ್ತು ದಿನ ಕೂತು ಬರುತ್ತಾರೆ, ಒಂದು ಊರನ್ನೂ ನೋಡುವುದಿಲ್ಲ. ಮೂವರ ಮುಖದಲ್ಲೂ ಒಂದೇ ತಂಪು. ಹೋದ ಜಾಗಗಳಿಗೂ ಆ ತಂಪಿಗೂ ನಂಟಿರಲಿಲ್ಲ. ಮೇಷ್ಟ್ರನ್ನು ಬೆಟ್ಟ ಹತ್ತಿಸಿ, ಆ ಹುಡುಗನನ್ನು ಜಗಲಿಯ ಮೇಲೆ ಕೂರಿಸಿದ್ದರೆ ಇಬ್ಬರೂ ಬಾಡಿ ಹೋಗುತ್ತಿದ್ದರು. ತಮಗೇನು ಬೇಕೆಂದು ಅವರಿಗೆ ಗೊತ್ತಿತ್ತು. ಅಷ್ಟೇ ವ್ಯತ್ಯಾಸ.

ನಮಗೆ ಗೊತ್ತಿತ್ತೇ? ಕಳೆದ ವರ್ಷ ದಸರಾ ಕಳೆದ ಮೇಲೆ ಒಂದು ಸಂಜೆ ನಾಲ್ಕು ಚೀಟಿ ಹರಿದು ನಾಲ್ವರ ಕೈಗೂ ಕೊಟ್ಟೆ. ಊರಿನ ಹೆಸರು ಬರೆಯುವ ಹಾಗಿಲ್ಲ. ಈ ರಜೆಯಲ್ಲಿ ನನಗೆ ಬೇಕಾದದ್ದು ಒಂದು, ಆಗಲೇಬಾರದ್ದು ಒಂದು, ಎರಡೇ ಸಾಲು.

ಮಗಳು ಅಲ್ಲೇ ನಿಂತು ಬರೆದಳು. ಅವಳಿಗೆ ಈಚೆಗೆ ಹಕ್ಕಿಯ ಹುಚ್ಚು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಬೇಕು, ಘಾಟಿ ರಸ್ತೆ ಬೇಡ. ಹೆಂಡತಿ ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತು ಬರೆದಳು: “ನಾಳೆ ಬೆಳಿಗ್ಗೆ ತಿಂಡಿಗೆ ಏನು ಅಂತ ಒಂದು ವಾರ ಯೋಚನೆ ಮಾಡಬಾರದು. ಅಲಾರಂ ಇಡಬಾರದು.” ಹದಿನಾರು ವರ್ಷದಿಂದ ಪ್ರತಿ ರಾತ್ರಿ ದೀಪ ಆರಿಸುವ ಮುಂಚೆ ಅವಳು ನೆನೆಹಾಕಿದ ಅಕ್ಕಿ, ಉದ್ದು, ಕಾಳುಗಳೆಲ್ಲ ಆ ಒಂದು ಸಾಲಿನಲ್ಲಿ ನನ್ನ ಕಣ್ಣ ಮುಂದೆ ಬಂದು ನಿಂತವು. ನಾನು ಬರೆದದ್ದು: ಕಲ್ಲಿನ ಮುಂದೆ ಕೂತು ಒಂದು ಶಾಸನ ಓದಬೇಕು, ಯಾರೂ “ಹೊರಡಿ, ಹೊರಡಿ” ಅನ್ನಬಾರದು.

ಅಮ್ಮ ಮಾತ್ರ ಚೀಟಿಯನ್ನು ಹಿಂದಕ್ಕೆ ಕೊಟ್ಟಳು. “ನನ್ನನ್ನೇನು ಕೇಳೋದಪ್ಪಾ, ನೀವೆಲ್ಲಿಗೆ ಕರ್ಕೊಂಡು ಹೋದ್ರೆ ಅಲ್ಲಿಗೆ ಬರ್ತೀನಿ.” ನಾನು ಬಿಡಲಿಲ್ಲ. ಎರಡು ದಿನ ಆ ಚೀಟಿ ಅವಳ ಸ್ತೋತ್ರದ ಪುಸ್ತಕದಲ್ಲಿ ಮಡಿಸಿಕೊಂಡಿತ್ತು. ಮೂರನೆಯ ದಿನ ಬೆಳಿಗ್ಗೆ ನನ್ನ ಕಾಫಿ ಲೋಟದ ಪಕ್ಕದಲ್ಲಿತ್ತು. ಬೇಡವಾದದ್ದು ಏನೂ ಇರಲಿಲ್ಲ. ಬೇಕಾದದ್ದರಲ್ಲಿ, ಊರಿನ ಹೆಸರು ಕೂಡದೆಂಬ ನಿಯಮ ಮೀರಿ, ಒಂದೇ ಸಾಲು: “ವಿಜಾಪುರದ ಗುಮ್ಮಟದಾಗ ನನ್ನ ದನಿ ಕೇಳಬೇಕು.”

ಅಮ್ಮ ಹುಟ್ಟಿ ಬೆಳೆದದ್ದು ರಾಣೆಬೆನ್ನೂರಿನ ಹತ್ತಿರದ ಹಳ್ಳಿ. ಮದುವೆಯಾಗಿ ಮೈಸೂರಿಗೆ ಬಂದು ಐವತ್ತು ವರ್ಷವಾಯಿತು, ಮಾತು ಪೂರ್ತಿ ಈ ಕಡೆಯದಾಗಿದೆ. ಆ ಚೀಟಿಯಲ್ಲಿ ಮಾತ್ರ ಹಳೆಯ ಊರಿನ ಕನ್ನಡ ಎದ್ದು ಬಂದಿತ್ತು. ಅರವತ್ತರ ದಶಕದಲ್ಲಿ ಅವಳು ಏಳನೇ ಇಯತ್ತೆಯಲ್ಲಿದ್ದಾಗ ಶಾಲೆಯಿಂದ ವಿಜಾಪುರಕ್ಕೆ ಪ್ರವಾಸ ಹೊರಟಿತಂತೆ. ಹೆಣ್ಣುಮಕ್ಕಳನ್ನು ಅಷ್ಟು ದೂರ ಕಳಿಸಲು ಮನೆಗಳಲ್ಲಿ ಒಪ್ಪಲಿಲ್ಲ, ಹುಡುಗರಷ್ಟೇ ಹೋದರು. ಬಂದವರು ಒಂದು ವಾರ ಊರ ಬಾವಿಗೆ ಬಾಗಿ ತಮ್ಮ ತಮ್ಮ ಹೆಸರು ಕೂಗಿ, ಗುಮ್ಮಟದಲ್ಲಿ ದನಿ ಹೇಗೆ ತಿರುಗಿ ಬಂತೆಂದು ತೋರಿಸಿದರಂತೆ. “ಯಾರೂ ಇಲ್ಲದ ಹೊತ್ತು ನೋಡಿ ನಾನೂ ಒಂದಿನ ಬಾವಿಗೆ ಕೂಗಿದ್ದೆ. ಒಂದೇ ಸಲ ಬಂತು. ಅಲ್ಲಿ ಏಳು ಸಲ ಬರುತ್ತಂತೆ,” ಎಂದಳು.

ಅಪ್ಪ ಅವಳನ್ನು ಎಲ್ಲೂ ಕರೆದುಕೊಂಡು ಹೋಗಿರಲಿಲ್ಲವೆಂದಲ್ಲ. ಪ್ರಯಾಣದ ರಿಯಾಯಿತಿ ಸಿಕ್ಕಾಗಲೆಲ್ಲ ತಿರುಪತಿ, ರಾಮೇಶ್ವರ, ಕಾಶಿ ತೋರಿಸಿದ್ದರು. ವಯಸ್ಸಾದ ತಾಯಿಗೆ ಬೇಕಾದದ್ದು ದೇವರ ದರ್ಶನ ಎಂದು ನಾನೂ ಅದೇ ದಾರಿ ಹಿಡಿದಿದ್ದೆ. ಅರವತ್ತು ವರ್ಷ ಒಂದು ಆಸೆ ನಮ್ಮ ನಡುವೆಯೇ ಓಡಾಡಿಕೊಂಡು, ನಮಗೆ ಬಡಿಸಿಕೊಂಡು ಇತ್ತು. ಯಾರೂ ಕೇಳಿರಲಿಲ್ಲ.

ನಾಲ್ಕು ಚೀಟಿಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕರ್ನಾಟಕದ ನಕ್ಷೆ ತೆಗೆದೆ. ಹೆಬ್ಬಾತುಗಳೆಂದರೆ ಗದಗ ಜಿಲ್ಲೆಯ ಮಾಗಡಿ ಕೆರೆ. ಶಾಸನವೆಂದರೆ ಬಾದಾಮಿ. ಅಮ್ಮನದು ವಿಜಯಪುರ. ಊರಿನ ಹೆಸರು 2014ರಲ್ಲಿ ಹಾಗಾಯಿತು, ಅವಳಿಗೆ ಈಗಲೂ ವಿಜಾಪುರವೇ. ಮೂರೂ ಒಂದೇ ರೈಲು ದಾರಿಯ ಊರುಗಳು. ಹುಬ್ಬಳ್ಳಿ ದಾಟಿದ ಮೇಲೆ ಗದಗ, ಬಾದಾಮಿ, ಬಾಗಲಕೋಟೆ, ವಿಜಯಪುರ ಎಂದು ಬಡಗಲಿಗೆ ಸಾಲಾಗಿ ಬರುತ್ತವೆ. ಘಾಟಿ ಇಲ್ಲ, ಎಲ್ಲ ಬಯಲು ಸೀಮೆ. ಮೈಸೂರಿನಿಂದ ಹೊರಟು ಆ ಊರುಗಳನ್ನೆಲ್ಲ ಮುಟ್ಟುವ ರೈಲಿನ ಹೆಸರೇ ಗೋಲಗುಂಬಜ್ ಎಕ್ಸ್‌ಪ್ರೆಸ್. ಆ ಹೆಸರು ಓದಿ ಹೇಳಿದಾಗ ಅಮ್ಮ, ಈ ರೈಲು ದಿನಾ ನಮ್ಮೂರಿಂದಲೇ ಹೋಗುತ್ತಾ ಎಂದು ಎರಡು ಸಲ ಕೇಳಿದಳು.

ಇನ್ನು ಕಾಲ. ಊರಿಗಿಂತ ಕಾಲವನ್ನು ಆರಿಸುವುದು ಕಷ್ಟ ಎಂದು ಆಗ ತಿಳಿಯಿತು. ನಮ್ಮ ನಾಡಿನ ಪ್ರತಿ ಜಾಗಕ್ಕೂ ತನ್ನದೊಂದು ಹೊತ್ತಿದೆ. ಮೇ ತಿಂಗಳಲ್ಲಿ ಜೋಗಕ್ಕೆ ಹೋದರೆ ಕಾಣುವುದು ಬಂಡೆ. ಶರಾವತಿಯನ್ನು ಲಿಂಗನಮಕ್ಕಿಯಲ್ಲಿ ವಿದ್ಯುತ್ತಿಗಾಗಿ ಕಟ್ಟಿ ನಿಲ್ಲಿಸಿದ ಮೇಲೆ 253 ಮೀಟರಿನ ಆ ಜಲಪಾತ ಮೈದುಂಬುವುದು ಮಳೆಗಾಲದಲ್ಲೇ. ಆಷಾಢದ ಆಗುಂಬೆ ಚೆಲುವೆ, ಆದರೆ ಕಾಲಿಗೆ ಹತ್ತುವ ಇಂಬಳಗಳಿಗೆ ಹೆದರುವವರು ಅಲ್ಲಿಗೆ ಹೋಗಬಾರದು. ಕೊಕ್ಕರೆ ಬೆಳ್ಳೂರಿನ ಮರಗಳಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟುವುದು ಚಳಿಗಾಲ ಬಂದ ಮೇಲೆ. ಬೇಸಿಗೆ ರಜೆಯಲ್ಲಿ ವಿಜಯಪುರಕ್ಕೆ ಹೋದರೆ 40 ಡಿಗ್ರಿ ಬಿಸಿಲು ಅಮ್ಮನನ್ನು ಕೋಣೆಯಿಂದ ಆಚೆ ಬಿಡುವುದಿಲ್ಲ, ಮಾಗಡಿ ಕೆರೆಯ ಹೆಬ್ಬಾತುಗಳು ಅಷ್ಟರೊಳಗೆ ಉತ್ತರಕ್ಕೆ ಹಾರಿಹೋಗಿರುತ್ತವೆ. ಎಲ್ಲರ ಆಸೆಗೂ ಹೊಂದುವ ತಿಂಗಳು ಡಿಸೆಂಬರ್ ಒಂದೇ. 2024ರ ನವೆಂಬರಿನಿಂದ ರೈಲಿನ ಟಿಕೆಟು 60 ದಿನ ಮುಂಚೆ ಮಾತ್ರ ಸಿಗುತ್ತದೆ, ಮೊದಲಿನ 120 ದಿನದ ಅವಕಾಶ ಹೋಗಿದೆ. ದಿನ ಎಣಿಸಿಟ್ಟುಕೊಂಡು, ಆ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಕೂತು, ಕೆಳಗಿನ ಬರ್ತುಗಳನ್ನು ಹಿಡಿದೆ.

ದಿನ ಗೊತ್ತಾದ ಕೂಡಲೇ ಸುದ್ದಿ ನೆಂಟರಿಗೆ ಮುಟ್ಟಿತು. ಫೋನಿನಲ್ಲಿ ಎಲ್ಲರದ್ದೂ ಒಂದೇ ಮಾತು. “ಅಷ್ಟು ದೂರ ಹೋಗಿ ಹಂಪಿ ನೋಡದೆ ಬರ್ತೀರಾ? ಅಷ್ಟು ದೂರ ಹೋಗಿ ಪಟ್ಟದಕಲ್ಲು ಬಿಡ್ತೀರಾ?” ಪ್ರೀತಿಯಿಂದ ಹೇಳುವ ಮಾತೇ. ಆದರೆ ರಜೆಗಳನ್ನು ಹಾಳುಮಾಡುವ ಮಾತೂ ಇದೇ ಎಂದು ನಾನು ಈಗ ನಂಬಿದ್ದೇನೆ. ನಮ್ಮ ಮೂರು ದಿನ ಏಳು ಊರಿನ ಪ್ರವಾಸ ಶುರುವಿನಲ್ಲಿ ಬರೀ ಬೇಲೂರು, ಶೃಂಗೇರಿ ಆಗಿತ್ತು. ಒಂದೊಂದು ‘ಅಷ್ಟು ದೂರ ಹೋಗಿ’ಗೆ ಒಂದೊಂದು ಊರು ಸೇರಿಕೊಂಡು ಏಳಾಯಿತು.

ಬಿಡುವುದು ನನಗೆ ಸುಲಭವಾಗಲಿಲ್ಲ. ಬಾದಾಮಿಯಿಂದ ಪಟ್ಟದಕಲ್ಲು ಒಂದು ಗಂಟೆಯ ದಾರಿಯೂ ಅಲ್ಲ, 1987ರಲ್ಲೇ ವಿಶ್ವ ಪರಂಪರೆಯ ಪಟ್ಟಿ ಸೇರಿದ ಜಾಗ. ಇನ್ನೊಂದಿಷ್ಟು ಮುಂದೆ ಹೋದರೆ ಐಹೊಳೆ. ಅಲ್ಲಿನ ಮೇಗುತಿ ಗುಡ್ಡದಲ್ಲಿ ರವಿಕೀರ್ತಿ 634ರಲ್ಲಿ ಬರೆಸಿದ ಪುಲಕೇಶಿಯ ಶಾಸನವಿದೆ. ಗದಗಿನ ಪಕ್ಕದಲ್ಲೇ ಲಕ್ಕುಂಡಿ. ಒಂದೊಂದರ ಹೆಸರು ಹೊಡೆದುಹಾಕುವಾಗಲೂ ಕೈ ತಡೆಯಿತು. ಆದರೆ ಚೀಟಿಗಳು ಎದುರಿಗಿದ್ದವು. ಐಹೊಳೆ ಸೇರಿಸಿದರೆ ಹೆಂಡತಿಯ ಒಂದು ಬೆಳಗಿನ ನಿದ್ದೆ ಹೋಗುತ್ತದೆ, ಹಂಪಿ ಸೇರಿಸಿದರೆ ಅಮ್ಮನ ಮಂಡಿ ಗುಮ್ಮಟದ ಹೊತ್ತಿಗೆ ಸೋತಿರುತ್ತದೆ. ಬೇಕಾದದ್ದು ಯಾವುದೆಂದು ಗೊತ್ತಾದ ಮೇಲೆ ಬೇಡದ್ದನ್ನು ಬಿಡುವುದು ದೊಡ್ಡ ಮಾತಲ್ಲ. ಬೇಕೆನ್ನಿಸುವುದರಲ್ಲೇ ಕೆಲವನ್ನು ಬಿಡಬೇಕು, ಕಷ್ಟವಿರುವುದು ಅಲ್ಲಿ. ಬಾಡಿಗೆ ಕಾರಿಗೆಂದು ಇಟ್ಟಿದ್ದ ದುಡ್ಡಿನಲ್ಲಿ ಎಲ್ಲ ಊರಲ್ಲೂ ನೆಲಮಹಡಿಯ, ಅಮ್ಮನಿಗೆ ಹೊಂದುವ ಶೌಚಾಲಯವಿರುವ ಕೋಣೆಗಳನ್ನು ಹೇಳಿಟ್ಟೆ. ಆ ಖರ್ಚು ಯಾವ ಫೋಟೋದಲ್ಲೂ ಕಾಣುವುದಿಲ್ಲ. ಆದರೆ ಎಪ್ಪತ್ತು ದಾಟಿದ ಜೀವ ಜೊತೆಗಿದ್ದಾಗ ಎಲ್ಲಕ್ಕಿಂತ ಮೊದಲು ಮಾಡಬೇಕಾದ ಖರ್ಚು ಅದು.

ಗದಗಿನಲ್ಲಿ ಇಳಿದ ದಿನ ಸುಮ್ಮನೆ ಮಲಗಿದೆವು. ಮರುದಿನ ನಾನೂ ಮಗಳೂ ಮಾತ್ರ ಕತ್ತಲಿದ್ದಂತೆಯೇ ಮಾಗಡಿಗೆ ಹೋದೆವು. ಅಮ್ಮ, ಹೆಂಡತಿ ನಿದ್ದೆಯಲ್ಲಿದ್ದರು. ಎಲ್ಲರೂ ಎಲ್ಲ ಕಡೆಗೂ ಹೋಗಲೇಬೇಕೆಂಬ ಹಟ ಬಿಟ್ಟರೆ ಮನೆಮಂದಿಯ ಪ್ರವಾಸ ಎಷ್ಟೋ ಹಗುರಾಗುತ್ತದೆ. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಆ ಕೆರೆಯ ದಡದಲ್ಲಿ ಚಳಿಗೆ ಶಾಲು ಹೊದ್ದು ಕೂತೆವು. ಹೊತ್ತು ಏರುತ್ತಿದ್ದಂತೆ ಹೊಲಗಳ ಕಡೆಯಿಂದ ಗದ್ದಲ ಮೊದಲು ಬಂತು, ಹಿಂದೆಯೇ ಹಕ್ಕಿಗಳ ಸಾಲು. ಒಂದರ ಹಿಂದೊಂದು ತಂಡ ಕೆರೆಗಿಳಿದು ರೆಕ್ಕೆ ಮಡಿಸಿತು. ನೆತ್ತಿಯ ಮೇಲಿನ ಎರಡು ಕಪ್ಪು ಪಟ್ಟೆ ದುರ್ಬೀನಿನಲ್ಲಿ ಸ್ಪಷ್ಟವಾಗಿ ಕಂಡಾಗ ಮಗಳು ನನ್ನ ತೋಳು ಹಿಡಿದಳು, ಮಾತಾಡಲಿಲ್ಲ. ಮಂಗೋಲಿಯಾ, ಟಿಬೆಟ್ಟಿನ ಕಡೆಯಿಂದ ಹಿಮಾಲಯದ ಮೇಲೆ ಹಾದು ಬಂದ ಹಕ್ಕಿ ಶಿರಹಟ್ಟಿ ತಾಲ್ಲೂಕಿನ ಒಂದು ಕೆರೆಯನ್ನು ಪ್ರತಿ ವರ್ಷ ಹುಡುಕಿಕೊಂಡು ಬರುತ್ತದೆ. ದಾರಿಯ ಕೆರೆಗಳನ್ನೆಲ್ಲ ದಾಟಿ ತನಗೆ ಒಗ್ಗುವ ನೀರಿಗೇ ಬಂದು ಇಳಿಯುತ್ತದೆ.

ಬಾದಾಮಿಯಲ್ಲಿ ಮೂರು ರಾತ್ರಿ ಇದ್ದೆವು. ಮೂರನೆಯ ಗುಹೆಯಲ್ಲಿ ಮಂಗಳೇಶನ ಶಾಸನದ ಮುಂದೆ ಎರಡು ಗಂಟೆ ಕೂತೆ. ಶಕವರ್ಷ 500 ಎಂದು ಅದರಲ್ಲೇ ಹೇಳಿದೆ, ಎಂದರೆ 578ನೆಯ ಇಸವಿ. ಲಿಪಿಯ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಅಕ್ಷರ ಹೊಂದಿಸಿದೆ. ಎರಡು ಸಾಲು ದಕ್ಕಿರಬಹುದು. ಹದಿನಾಲ್ಕು ನೂರು ವರ್ಷದ ಹಿಂದೆ ಉಳಿ ಹಿಡಿದ ಕೈಯೊಂದು ನನಗೆ ತಲುಪಿದ ಹಾಗಾಯಿತು. ಹಾರ್ನ್ ಹೊಡೆಯುವವರು ಯಾರೂ ಇರಲಿಲ್ಲ. ಹೆಂಡತಿ ಎಂಟೂವರೆಯವರೆಗೆ ಮಲಗಿದಳು. ಮಧ್ಯಾಹ್ನ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಬನಶಂಕರಿ ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರು ಬಡಿಸಿದ ರೊಟ್ಟಿ, ಕಾಳಿನ ಪಲ್ಯ, ಗಡಿಗೆಯ ಮೊಸರು ಇನ್ನೊಂದು ದಿನ. ಒಬ್ಬಾಕೆ “ಇನ್ನೊಂದು ತಗೋರಿ ಅಕ್ಕಾರ” ಎಂದು ಒತ್ತಾಯ ಮಾಡಿ ಹಾಕಿದಾಗ, ಬಡಿಸಿಕೊಳ್ಳುವ ಸುಖವನ್ನು ನನ್ನ ಹೆಂಡತಿಯ ಮುಖದಲ್ಲಿ ನಾನು ಬಹಳ ವರ್ಷದ ಮೇಲೆ ಕಂಡೆ.

ಕೊನೆಗೆ ವಿಜಯಪುರ. ಡಿಸೆಂಬರ್ ಎಂದರೆ ಶಾಲಾ ಪ್ರವಾಸಗಳ ಕಾಲ, ಹೊತ್ತೇರಿದರೆ ಗುಮ್ಮಟದ ತುಂಬ ಮಕ್ಕಳ ಕೇಕೆ. ಅಮ್ಮನ ದನಿ ಅದರಲ್ಲಿ ಕಳೆದುಹೋಗಬಾರದೆಂದು ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ನಿಂತೆವು. ಒಳಗೆ 1656ರಲ್ಲಿ ತೀರಿಕೊಂಡ ಮಹಮದ್ ಆದಿಲ್ ಶಾಹನ ಗೋರಿ, ಅದರ ಮೇಲೆ ಹೊರಗಿನಿಂದ ಅಳೆದರೆ 44 ಮೀಟರ್ ಅಗಲದ ಗುಮ್ಮಟ. ನಡುವೆ ಒಂದು ಕಂಬವೂ ಇಲ್ಲ. ಒಂದನ್ನೊಂದು ಹಾಯ್ದು ಹೋಗುವ ಕಮಾನುಗಳೇ ಆ ಭಾರವನ್ನೆಲ್ಲ ಗೋಡೆಗಳಿಗೆ ದಾಟಿಸುತ್ತವೆ. ದನಿ ತಿರುಗುವ ಮೊಗಸಾಲೆ ಇರುವುದು ಮೇಲೆ, ಗುಮ್ಮಟದ ಬುಡದಲ್ಲಿ. ಅಲ್ಲಿಗೆ ಹೋಗಲು ಮೂಲೆಯ ಗೋಪುರದೊಳಗಿನ ಇಕ್ಕಟ್ಟಾದ, ಕಡಿದಾದ ಮೆಟ್ಟಿಲು. ಏಳು ಅಂತಸ್ತು.

ಕೆಳಗೆ ನಿಂತು ನೋಡಿ ನನಗೆ ಅಳುಕಾಯಿತು. ಅಮ್ಮ ಸೆರಗು ಸಿಕ್ಕಿಸಿಕೊಂಡು ಮೊದಲ ಮೆಟ್ಟಿಲಿಗೆ ಕಾಲಿಟ್ಟಳು. ಪ್ರತಿ ಅಂತಸ್ತಿನಲ್ಲೂ ಕಮಾನಿನ ಕಂಡಿಯ ಹತ್ತಿರ ಕೂತು, ಗಾಳಿ ಕುಡಿದು, ಊರು ನೋಡಿ ಮುಂದಕ್ಕೆ. ಆ ದಿನ ನಮಗೆ ಹೋಗಬೇಕಾದ ಇನ್ನೊಂದು ಜಾಗವಿರಲಿಲ್ಲ. ಪಟ್ಟದಕಲ್ಲು, ಐಹೊಳೆ, ಹಂಪಿ ಬಿಟ್ಟು ಉಳಿಸಿಕೊಂಡ ಹೊತ್ತೆಲ್ಲ ಆ ಮೆಟ್ಟಿಲುಗಳ ಮೇಲೆ ಅಮ್ಮನ ಮಂಡಿಗೆ ಒದಗಿತು. ಮುಕ್ಕಾಲು ಗಂಟೆ ಹಿಡಿಯಿತು. ಮಗಳು ಮುಂದೆ, ಹೆಂಡತಿ ಪಕ್ಕದಲ್ಲಿ, ನಾನು ಹಿಂದೆ.

ಮೇಲೆ ನಾವಲ್ಲದೆ ಇಬ್ಬರೋ ಮೂವರೋ ಇದ್ದರು. ಅಮ್ಮ ಗೋಡೆಗೊರಗಿ ಉಸಿರು ಹದಕ್ಕೆ ಬರುವವರೆಗೆ ಕೂತಳು. ಆಮೇಲೆ ಎದ್ದು, ಗೋಡೆಗೆ ಕೈಯಿಟ್ಟು, ಮೆಲ್ಲಗೆ ತನ್ನ ಹೆಸರು ಹೇಳಿದಳು.

ಹೆಸರು ಗುಮ್ಮಟ ಸುತ್ತಿ ಬಂತು. ಮತ್ತೆ ಬಂತು. ದೂರದಿಂದ ಯಾರೋ ಅವಳನ್ನು ಕರೆಯುತ್ತಿರುವ ಹಾಗೆ, ಆಮೇಲೆ ಇನ್ನೂ ದೂರದಿಂದ, ಕೇಳಿಯೂ ಕೇಳದ ಹಾಗೆ. ಏಳು ಸಲವೋ ಹೆಚ್ಚೋ, ನಾನು ಎಣಿಸಲಿಲ್ಲ. ಅವಳ ಹೆಸರನ್ನು ಯಾರಾದರೂ ಕರೆದದ್ದು ನಾನು ಕೇಳಿ ಎಷ್ಟೋ ವರ್ಷವಾಗಿತ್ತು. ಅಪ್ಪ ಅವಳನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ನಮಗೆ ಅಮ್ಮ, ಸೊಸೆಗೆ ಅತ್ತೆ, ಮೊಮ್ಮಗಳಿಗೆ ಅಜ್ಜಿ. ನನ್ನ ಅಜ್ಜಿ ತೀರಿಕೊಂಡ ಮೇಲೆ ಆ ಹೆಸರು ರೇಷನ್ ಕಾರ್ಡಿನಲ್ಲಿ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಉಳಿದುಕೊಂಡಿತ್ತು. ಅದನ್ನು ನಾನಿಲ್ಲಿ ಬರೆಯುವುದಿಲ್ಲ, ಅದು ಅವಳದು. ಅವಳು ಇನ್ನೊಂದು ಸಲ, ಈಗ ಸ್ವಲ್ಪ ಗಟ್ಟಿಯಾಗಿ, ಹೇಳಿದಳು. ಕಣ್ಣು ಮುಚ್ಚಿಕೊಂಡು ಕೇಳಿದಳು.

ಇಳಿಯುವಾಗ ನಾಲ್ಕನೆಯ ಅಂತಸ್ತಿನ ಹತ್ತಿರ ಕೆಳಗಿನಿಂದ ಗಲಗಲ ಸದ್ದು. ಯಾವುದೋ ಸರ್ಕಾರಿ ಶಾಲೆಯ ಮಕ್ಕಳು ಸಾಲಾಗಿ ಹತ್ತಿ ಬರುತ್ತಿದ್ದರು. ನಮ್ಮ ಮುಂದೆ ಬಂದದ್ದು ಹುಡುಗಿಯರ ಸಾಲು, ಎರಡು ಜಡೆಗೆ ರಿಬ್ಬನ್ನು, ಹನ್ನೆರಡು ಹದಿಮೂರರ ವಯಸ್ಸು. ಅಮ್ಮ ಗೋಡೆಗೆ ಅಂಟಿ ನಿಂತು ಅವರಿಗೆ ದಾರಿ ಬಿಟ್ಟಳು. ಒಬ್ಬಳು ಏದುಸಿರು ಬಿಡುತ್ತ, “ಅಜ್ಜಿ, ಇನ್ನಾ ಎಷ್ಟ್ ಐತಿ?” ಎಂದು ಕೇಳಿದಳು.

ಅಮ್ಮ ಅವಳ ತಲೆ ಸವರಿದಳು. “ಸ್ವಲ್ಪೇ ಐತಿ. ಸಾವಕಾಶ ಹತ್ತು ತಂಗಿ. ಮ್ಯಾಲ ಹೋಗಿ ನಿನ್ನ ಹೆಸರು ಹೇಳು.”